ಜೋಡಿಸಿದ ಮೇಲೆ ಉಳಿಯುವ ಅರ್ಧ ಕೆಲಸ

ಮಕ್ಕಳು ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದರೆ ಸೈಕಲ್ಲನ್ನೋ ಕೈಗಡಿಯಾರವನ್ನೋ ಕೊಡಿಸುತ್ತಿದ್ದ ಕಾಲವೊಂದಿತ್ತು. ಇಂದು ಪಿಯುಸಿ ಮುಗಿಸಿ ಮುಂದಿನ ಓದಿಗೆ ಅಣಿಯಾಗುವ ಮಗನಾಗಲಿ ಮಗಳಾಗಲಿ ಕೇಳುವುದು ಗಣಕಯಂತ್ರವನ್ನು. ಅದರಲ್ಲಿಯೂ ಬಿಡಿಭಾಗಗಳನ್ನು ತಾವೇ ಆರಿಸಿ, ತಾವೇ ಕೂಡಿಸುವ ಗೇಮಿಂಗ್ ಕಂಪ್ಯೂಟರನ್ನು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಂದಲೋ ಕೊರಿಯರ್ ಮುಖಾಂತರವೋ ಪೆಟ್ಟಿಗೆಗಳು ಬಂದು ಮನೆ ತುಂಬುತ್ತವೆ. ಊಟದ ಪರಿವೆಯೂ ಇಲ್ಲದೆ ಜೋಡಣೆ ನಡೆಯುತ್ತದೆ. ಪರದೆಯ ಮೇಲೆ ಚಿತ್ರ ಮೂಡಿದೊಡನೆ ಕೆಲಸ ಮುಗಿಯಿತೆಂದು ಮನೆಮಂದಿಯೆಲ್ಲ ಭಾವಿಸುತ್ತಾರೆ.

ವಾಸ್ತವವಾಗಿ ಆಗ ಮುಗಿದಿರುವುದು ಅರ್ಧ ಕೆಲಸ ಮಾತ್ರ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ವೇಗದಲ್ಲಿ ಈ ಯಂತ್ರದ ಹಲವು ಭಾಗಗಳು ತಾವಾಗಿಯೇ ಓಡುವುದಿಲ್ಲ. 6000 ಎಂಬ ಗುರುತಿನ ಮೆಮೊರಿ ಮೊದಲ ದಿನ ಸಾಮಾನ್ಯವಾಗಿ 4800ರಲ್ಲಿಯೇ ಓಡುತ್ತದೆ. 165 ಹರ್ಟ್ಸ್‌ನ ಮಾನಿಟರು ಬಹಳ ಸಲ 60ರಲ್ಲಿಯೇ ನಿಂತಿರುತ್ತದೆ. ಹೇಳುವವರಿಲ್ಲದೆ ತಿಂಗಳುಗಟ್ಟಲೆ ಅದು ಹಾಗೆಯೇ ನಡೆಯುತ್ತದೆ. ಆಟ ತಡೆದು ತಡೆದು ಓಡತೊಡಗಿದಾಗ ದೋಷ ಗ್ರಾಫಿಕ್ಸ್ ಕಾರ್ಡಿನದೆಂದು ತಿಳಿದು, ಇನ್ನೂ ದುಬಾರಿಯಾದುದನ್ನು ಕೊಳ್ಳುವ ಮಾತು ಮನೆಯಲ್ಲಿ ಏಳುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿಯ ಬೆಲೆ ತೀವ್ರವಾಗಿ ಏರಿದುದನ್ನು ಕಂಡವರಿಗೆ ಈ ಮಾತಿನ ಭಾರ ತಿಳಿದೀತು. ಈಗಾಗಲೇ ಹಣ ತೆತ್ತು ತಂದ ಶಕ್ತಿಯನ್ನು ಪೂರ್ತಿ ಬಳಸದೆ ಮತ್ತೆ ಹಣ ಸುರಿಯುವುದು ಯಾವ ಕುಟುಂಬಕ್ಕೂ ಒಪ್ಪುವಂಥದಲ್ಲ. ಆದುದರಿಂದ ಹೊಸ ಯಂತ್ರವನ್ನು ಮೊದಲ ವಾರದಲ್ಲಿ ಯಾವ ಕ್ರಮದಿಂದ ಅಣಿಗೊಳಿಸಬೇಕೆಂಬುದನ್ನು ನಾವು ಇಲ್ಲಿ ವಿವರಿಸುತ್ತೇವೆ.

ಗುಂಡಿ ಒತ್ತುವ ಮುನ್ನ

ಮೊದಲು ಕಣ್ಣಿನ ತಪಾಸಣೆ. ಪ್ರೊಸೆಸರಿನ ಮೇಲೆ ಕೂರುವ ಕೂಲರಿನ ತಳದಲ್ಲಿ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿರುವುದುಂಟು. ಅದನ್ನು ಕೀಳದೆ ಕೂಡಿಸಿದರೆ ಶಾಖ ಹೊರಬರಲು ದಾರಿಯಿಲ್ಲದೆ ಪ್ರೊಸೆಸರು ಕ್ಷಣಮಾತ್ರದಲ್ಲಿ ಕಾಯುತ್ತದೆ. ಮದರ್‌ಬೋರ್ಡಿನಲ್ಲಿ ಮೆಮೊರಿಗೆ ನಾಲ್ಕು ಸೀಳುಗಳಿದ್ದು, ನಮ್ಮಲ್ಲಿ ಎರಡು ಪಟ್ಟಿಗಳಿದ್ದರೆ, ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸೀಳುಗಳಲ್ಲಿ ಅವನ್ನು ಕೂಡಿಸುವುದು ಸಾಮಾನ್ಯ ಕ್ರಮ. ಬೋರ್ಡಿನೊಡನೆ ಬಂದ ಪುಸ್ತಿಕೆಯಲ್ಲಿ ಇದರ ಚಿತ್ರವಿರುತ್ತದೆ. ಎರಡು ಪಟ್ಟಿಗಳು ಎರಡು ಪ್ರತ್ಯೇಕ ದಾರಿಗಳಲ್ಲಿ ಮಾಹಿತಿ ಸಾಗಿಸಬೇಕು. ಅಕ್ಕಪಕ್ಕದ ಸೀಳುಗಳಲ್ಲಿ ಕೂಡಿಸಿದರೆ ಎರಡೂ ಒಂದೇ ದಾರಿಯಲ್ಲಿ ನುಗ್ಗಿ, ಮೆಮೊರಿಯ ಸಾಗಣೆಯ ಸಾಮರ್ಥ್ಯ ಅರ್ಧಕ್ಕೆ ಇಳಿಯುತ್ತದೆ.

ಮಾನಿಟರಿನ ಕೇಬಲನ್ನು ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಬೇಕು. ಮದರ್‌ಬೋರ್ಡಿನ ಹಿಂಬದಿಯಲ್ಲಿಯೂ ಅಂತಹದೇ ಕಿಂಡಿ ಇರುವುದರಿಂದ ಅಲ್ಲಿಗೆ ಸಿಕ್ಕಿಸಿ, ಸಾವಿರಾರು ರೂಪಾಯಿಯ ಕಾರ್ಡನ್ನು ಸುಮ್ಮನೆ ಕೂರಿಸಿ ಆಡುವವರೂ ಉಂಟು. ಕಾರ್ಡಿಗೆ ವಿದ್ಯುತ್ ಒದಗಿಸುವ ಕನೆಕ್ಟರನ್ನು ಕೊನೆಯವರೆಗೂ ಒತ್ತಿ ಸೇರಿಸಬೇಕು. 2022ರ ಅಕ್ಟೋಬರಿನಲ್ಲಿ ಹೊರಬಂದ ಎನ್ವಿಡಿಯಾ ಆರ್‌ಟಿಎಕ್ಸ್ 4090 ಕಾರ್ಡಿನ ಕನೆಕ್ಟರುಗಳು ಕೆಲವೆಡೆ ಕರಗಿದಾಗ, ಅವು ಪೂರ್ತಿ ಒಳಸೇರದೆ ಇದ್ದುದೇ ಸಾಮಾನ್ಯವಾಗಿ ಕಂಡ ದೋಷವೆಂದು ಆ ಕಂಪನಿ ತಿಳಿಸಿತ್ತು. ಅನಂತರ ಈ ಕನೆಕ್ಟರಿನ ಸೂಜಿಗಳ ಉದ್ದವನ್ನೇ ಬದಲಿಸಿದ ಹೊಸ ಮಾದರಿ 2023ರಲ್ಲಿ ಬಂದಿತು.

ಮನೆಯ ವಿದ್ಯುತ್ತಿನ ಕಡೆಗೂ ಗಮನವಿರಲಿ. ಯಂತ್ರವನ್ನು ಸಿಕ್ಕಿಸುವ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇದೆಯೇ ಎಂದು ಬಲ್ಲ ಎಲೆಕ್ಟ್ರಿಷಿಯನ್‌ನಿಂದ ನೋಡಿಸುವುದು ಕ್ಷೇಮ. ಕ್ಯಾಬಿನೆಟ್ಟನ್ನು ಮುಟ್ಟಿದಾಗ ಜುಮ್ಮೆನ್ನುವುದು ಅರ್ಥಿಂಗ್ ಇಲ್ಲದಿರುವುದರ ಸೂಚನೆ. ಸಾಧಾರಣವಾಗಿ ಮನೆಗಳಲ್ಲಿರುವ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಮಾತ್ರ ನೀಡಬಲ್ಲದು. ಆಟದ ಹೊತ್ತಿನಲ್ಲಿ ಇಂತಹ ಯಂತ್ರ 400 ವ್ಯಾಟ್ ದಾಟುವುದು ಅಪರೂಪವಲ್ಲವಾದುದರಿಂದ, ಕರೆಂಟು ಹೋದ ಕ್ಷಣದಲ್ಲಿಯೇ ಯುಪಿಎಸ್ ಕೈಚೆಲ್ಲುತ್ತದೆ. ಹೊಸದಾಗಿ ಕೊಳ್ಳುವವರು ವ್ಯಾಟ್ ಲೆಕ್ಕ ನೋಡಿಯೇ ಕೊಳ್ಳಲಿ.

ಬಯಾಸ್: ಮೊದಲು ನವೀಕರಣ, ಆಮೇಲೆ ವೇಗ

ಮದರ್‌ಬೋರ್ಡಿನ ಒಳಗೆ ಬಯಾಸ್ ಎಂಬ ಚಿಕ್ಕ ತಂತ್ರಾಂಶವೊಂದಿದೆ. ಯಂತ್ರ ಎಚ್ಚರಗೊಂಡಾಗ ಯಾವ ಭಾಗಕ್ಕೆ ಎಷ್ಟು ವೋಲ್ಟೇಜು, ಎಷ್ಟು ವೇಗ ಎಂಬುದನ್ನು ನಿರ್ಧರಿಸುವುದು ಅದೇ. ಬೋರ್ಡು ಕಾರ್ಖಾನೆಯಿಂದ ಹೊರಟು ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕುಳಿತಿರುವುದರಿಂದ, ಅದರಲ್ಲಿರುವ ಬಯಾಸ್ ಹಳತಾಗಿರುವ ಸಂಭವವೇ ಹೆಚ್ಚು. ಅದನ್ನು ನವೀಕರಿಸುವುದು ಬರಿಯ ಶೋಕಿಯಲ್ಲ ಎಂಬುದಕ್ಕೆ ಎರಡು ಪ್ರಸಂಗಗಳು ಸಾಕು.

2023ರ ಏಪ್ರಿಲಿನಲ್ಲಿ ಎಎಂಡಿ ಕಂಪನಿಯ ರೈಜೆನ್ 7000 ಸರಣಿಯ, ಅದರಲ್ಲಿಯೂ ಆಟಗಾರರು ಬಹುವಾಗಿ ಮೆಚ್ಚಿದ ಎಕ್ಸ್‌3ಡಿ ಮಾದರಿಯ ಕೆಲವು ಪ್ರೊಸೆಸರುಗಳು ಸುಟ್ಟುಹೋದವು. ಮೆಮೊರಿಯ ವೇಗ ಹೆಚ್ಚಿಸುವ ಆಯ್ಕೆಯನ್ನು ತೆರೆದೊಡನೆ ಕೆಲವು ಮದರ್‌ಬೋರ್ಡುಗಳು ಪ್ರೊಸೆಸರಿನ ಒಂದು ಭಾಗಕ್ಕೆ ಮಿತಿಮೀರಿದ ವೋಲ್ಟೇಜು ಹರಿಸುತ್ತಿದ್ದುದು ಬೆಳಕಿಗೆ ಬಂದಿತು. ಆ ವೋಲ್ಟೇಜು 1.3ನ್ನು ಮೀರದಂತೆ ಕಟ್ಟುಹಾಕಿದ ಹೊಸ ಬಯಾಸ್ ಆ ಬಳಿಕ ಹೊರಬಂದಿತು. ಎರಡನೆಯದು ಇಂಟೆಲ್ ಕಂಪನಿಯ 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳದು. ಆಟದ ನಡುವೆ ಯಂತ್ರ ಕುಸಿಯುತ್ತಿದ್ದುದಕ್ಕೆ, ಪ್ರೊಸೆಸರು ಅಗತ್ಯಕ್ಕಿಂತ ಅಧಿಕ ವೋಲ್ಟೇಜನ್ನು ಕೇಳುತ್ತಿರುವುದೇ ಕಾರಣವೆಂದು ಕಂಪನಿ 2024ರ ಜುಲೈಯಲ್ಲಿ ಒಪ್ಪಿಕೊಂಡು, ಆಗಸ್ಟಿನಿಂದ ಬಯಾಸ್ ಮುಖಾಂತರ ಪರಿಹಾರವನ್ನು ಹಂಚಿತು. ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆದರೆ ಅದಾಗಲೇ ಘಾಸಿಗೊಂಡ ಪ್ರೊಸೆಸರನ್ನು ಯಾವ ನವೀಕರಣವೂ ಮರಳಿ ಸರಿಪಡಿಸಲಾರದು. ತಡಮಾಡಿದವರಿಗೆ ನಷ್ಟ ಉಳಿಯಿತು.

ನವೀಕರಣದ ಕಡತವನ್ನು ಬೋರ್ಡಿನ ತಯಾರಕರ ಅಧಿಕೃತ ತಾಣದಿಂದಲೇ, ಬೋರ್ಡಿನ ಮೇಲೆ ಅಚ್ಚಾದ ಮಾದರಿಯ ಹೆಸರನ್ನು ಅಕ್ಷರಶಃ ಹೋಲಿಸಿ ಪಡೆಯಬೇಕು. ಪೆನ್‌ಡ್ರೈವಿಗೆ ಇಳಿಸಿಕೊಂಡು, ಬಯಾಸ್‌ನ ಒಳಗಿನಿಂದಲೇ ಕೆಲಸ ಪೂರೈಸಬೇಕು. ನಡುವೆ ಕರೆಂಟು ಹೋದರೆ ಬೋರ್ಡು ನಿರುಪಯುಕ್ತವಾಗುವ ಭಯವಿದೆ. ಆದ್ದರಿಂದ ಯುಪಿಎಸ್ ಆಶ್ರಯದಲ್ಲಿ, ಕರೆಂಟು ನೆಚ್ಚುವಂತಿರುವ ಹೊತ್ತಿನಲ್ಲಿ ಇದನ್ನು ಮಾಡುವುದು ಲೇಸು.

ಇದಾದ ಮೇಲೆಯೇ ಮೆಮೊರಿಯ ವೇಗ. ನವೀಕರಣದಿಂದ ಹಿಂದಿನ ಆಯ್ಕೆಗಳೆಲ್ಲ ಅಳಿಸಿಹೋಗುವುದರಿಂದಲೂ ಈ ಅನುಕ್ರಮವೇ ಯುಕ್ತ. ಇಂಟೆಲ್ ಬೋರ್ಡಿನಲ್ಲಿ ಎಕ್ಸ್‌ಎಂಪಿ, ಎಎಂಡಿ ಬೋರ್ಡಿನಲ್ಲಿ ಎಕ್ಸ್‌ಪೋ ಎಂಬ ಹೆಸರಿನ ಆಯ್ಕೆಯನ್ನು ತೆರೆದರೆ ಮೆಮೊರಿ ತನ್ನ ಮೇಲೆ ಬರೆದ ವೇಗಕ್ಕೆ ಏರುತ್ತದೆ. 6000ದ ಮೆಮೊರಿ 4800ರಲ್ಲಿ ಓಡುವುದೆಂದರೆ ನೂರಕ್ಕೆ 20 ಪಾಲು ವೇಗವನ್ನು ಹಣ ಕೊಟ್ಟೂ ಬಳಸದೆ ಬಿಟ್ಟಂತೆ. ಎಎಂಡಿಯ ಎಎಂ5 ಬೋರ್ಡುಗಳಲ್ಲಿ ಈ ಬದಲಾವಣೆಯ ಬಳಿಕ ಮೊದಲ ಸಲ ಯಂತ್ರ ಎಚ್ಚರಗೊಳ್ಳಲು ಹಲವು ನಿಮಿಷಗಳೇ ಬೇಕಾಗಬಹುದು. ಪರದೆ ಕಪ್ಪಾಗಿಯೇ ಇರುತ್ತದೆ. ಅದು ಮೆಮೊರಿಯನ್ನು ಪಳಗಿಸಿಕೊಳ್ಳುವ ಹೊತ್ತು. ಗಾಬರಿಯಿಂದ ಸ್ವಿಚ್ ಆರಿಸಬಾರದು. ಏರಿಸಿದ ವೇಗದಲ್ಲಿ ಯಂತ್ರ ತಡವರಿಸಿದರೆ ಒಂದು ಮೆಟ್ಟಿಲು ಕೆಳಗಿಳಿಸುವುದರಲ್ಲಿ ಅವಮಾನವೇನೂ ಇಲ್ಲ.

ವಿಂಡೋಸ್ ಮತ್ತು ಡ್ರೈವರುಗಳು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಹೊಸ ಯಂತ್ರಕ್ಕೆ ವಿಂಡೋಸ್ 11 ಹಾಕುವುದೇ ಸೂಕ್ತ. ಕದ್ದ ಪ್ರತಿಯನ್ನು ಪುಕ್ಕಟೆ ಹಾಕಿಕೊಡುವವರು ಎಲ್ಲೆಡೆ ಇದ್ದಾರೆ. ಅದರ ಜೊತೆಗೆ ಬರುವ ಬೀಗಮುರುಕ ತಂತ್ರಾಂಶಗಳು ಬ್ಯಾಂಕಿನ ಗುಪ್ತಪದವನ್ನು ಕದಿಯಬಲ್ಲವೆಂಬುದು ಒಂದು ಮಾತು. ಸತ್ಯಶುದ್ಧ ಕಾಯಕದ ಹಣದಿಂದ ಕೊಂಡ ಯಂತ್ರದಲ್ಲಿ ಕದ್ದ ಸರಕು ಏಕಿರಬೇಕೆಂಬುದು ಅದಕ್ಕಿಂತ ದೊಡ್ಡ ಮಾತು.

ವಿಂಡೋಸ್ ನೆಲೆಗೊಂಡ ಮೇಲೆ ಚಿಪ್‌ಸೆಟ್ ಡ್ರೈವರು, ಬಳಿಕ ಗ್ರಾಫಿಕ್ಸ್ ಡ್ರೈವರು, ಇವೆರಡನ್ನೂ ತಯಾರಕರ ತಾಣಗಳಿಂದ ಪಡೆದು ಹಾಕಬೇಕು. ಡ್ರೈವರುಗಳನ್ನು ತಾನೇ ಹುಡುಕಿ ಕೊಡುತ್ತೇನೆನ್ನುವ ಇತರ ತಂತ್ರಾಂಶಗಳ ಗೊಡವೆ ಬೇಡ. ಯಂತ್ರವನ್ನು ಚುರುಕುಗೊಳಿಸುವೆನೆಂದು ಹೇಳಿಕೊಳ್ಳುವ ನಾನಾ ಬಗೆಯ ಶುದ್ಧೀಕರಣ ತಂತ್ರಾಂಶಗಳೂ ಬೇಡ. ಯಂತ್ರದೊಡನೆ ತಾವಾಗಿಯೇ ತೆರೆದುಕೊಳ್ಳುವ ಕಾರ್ಯಕ್ರಮಗಳನ್ನು ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ತಡೆದರೆ ಅಷ್ಟೇ ಸಾಕು. ಅದೇ ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಮೆಮೊರಿ ಈಗ ಓಡುತ್ತಿರುವ ವೇಗ ಕಾಣುತ್ತದೆ. ಬಯಾಸ್‌ನಲ್ಲಿ ಮಾಡಿದ ಕೆಲಸ ಫಲಿಸಿತೇ ಎಂಬುದಕ್ಕೆ ಅದೇ ಸಾಕ್ಷಿ.

ಈಗ ಮಾನಿಟರು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂಬ ದಾರಿಯಲ್ಲಿ ಹೋದರೆ ರಿಫ್ರೆಶ್ ದರ ಸಿಗುತ್ತದೆ. ಮಾನಿಟರು ಸೆಕೆಂಡಿಗೆ ಎಷ್ಟು ಬಾರಿ ಚಿತ್ರವನ್ನು ಹೊಸದಾಗಿ ಬರೆಯುತ್ತದೆಂಬುದೇ ಈ ದರ. 60ರಲ್ಲಿ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡು, 165ರಲ್ಲಿ ಸುಮಾರು 6 ಮಿಲಿಸೆಕೆಂಡು. ಬೆರಳಿನ ಚಲನೆಗೂ ಪರದೆಯ ಚಲನೆಗೂ ನಡುವಿನ ಅಂತರ ಇದರಿಂದ ಕಿರಿದಾಗುತ್ತದೆ. ಒಂದು ಪೈಸೆಯ ಖರ್ಚಿಲ್ಲದೆ ಕಣ್ಣಿಗೆ ಕಾಣುವ ಲಾಭ ಇಷ್ಟು ಬೇಗ ದೊರೆಯುವ ಜಾಗ ಯಂತ್ರದಲ್ಲಿ ಇನ್ನೊಂದಿಲ್ಲ. ಹೆಚ್ಚಿನ ದರ ಪಟ್ಟಿಯಲ್ಲಿ ಕಾಣದಿದ್ದರೆ ಕೇಬಲ್ ಹಳೆಯದಿರಬಹುದು. ಮಾನಿಟರಿನೊಡನೆ ಬಂದ ಡಿಸ್‌ಪ್ಲೇಪೋರ್ಟ್ ಕೇಬಲನ್ನು ಬಳಸಿ ನೋಡಬೇಕು.

ಅಳೆಯದೆ ಬದಲಿಸಬೇಡಿ

ಯಂತ್ರವನ್ನು ಹದಗೊಳಿಸುವ ಉತ್ಸಾಹದಲ್ಲಿ ಹುಡುಗರು ಒಂದೇ ಸಂಜೆ ಹತ್ತು ಬದಲಾವಣೆ ಮಾಡಿ, ಹನ್ನೊಂದನೆಯದಕ್ಕೆ ಯಂತ್ರ ನಿಂತಾಗ ಕಾರಣ ತಿಳಿಯದೆ ತೊಳಲುತ್ತಾರೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಮುಂಚಿನ ಅಳತೆ, ಅನಂತರದ ಅಳತೆ ಎಂಬ ನಿಯಮವಿರಲಿ. ಹಳೆಯ ನೋಟುಪುಸ್ತಕವೊಂದರಲ್ಲಿ ದಿನಾಂಕದೊಡನೆ ಬರೆದಿಡಲಿ. ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶ ಉಷ್ಣಾಂಶವನ್ನು ತೋರಿಸುತ್ತದೆ. ಮೆಮ್‌ಟೆಸ್ಟ್86 ಮೆಮೊರಿಯ ದೋಷವನ್ನು ಹುಡುಕುತ್ತದೆ. ಅದನ್ನು ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ನೋಡಬಹುದು. ಅದು ಒಂದೇ ಒಂದು ದೋಷ ತೋರಿದರೂ ಮೊದಲು ವೇಗವನ್ನು ಮೂಲಸ್ಥಿತಿಗೆ ಇಳಿಸಿ ಮತ್ತೆ ನೋಡಬೇಕು. ಆಗಲೂ ದೋಷ ಕಂಡರೆ ಮೆಮೊರಿಯನ್ನು ಅಂಗಡಿಗೆ ಹಿಂತಿರುಗಿಸಬೇಕು. ಬದಲಿಸಿಕೊಡುವ ಅವಧಿ ಸಾಮಾನ್ಯವಾಗಿ ಕೆಲವೇ ದಿನಗಳಾದುದರಿಂದ, ಈ ಪರೀಕ್ಷೆ ಮೊದಲ ವಾರದಲ್ಲಿಯೇ ಮುಗಿಯುವುದು ಅವಶ್ಯ.

ಉಷ್ಣಾಂಶದ ಬಗೆಗೆ ಅತಿಯಾದ ಭಯವೂ ಸಲ್ಲದು. ರೈಜೆನ್ 7000 ಸರಣಿಯ ಬಹುತೇಕ ಪ್ರೊಸೆಸರುಗಳು ಪೂರ್ಣ ದುಡಿಮೆಯಲ್ಲಿ 95 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವಂತೆಯೇ ರೂಪುಗೊಂಡಿವೆ. ಎಕ್ಸ್‌3ಡಿ ಮಾದರಿಗಳ ಮಿತಿ ಮಾತ್ರ 89. ಅದನ್ನು ಮುಟ್ಟಿದಾಗ ಅವು ತಾವಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಆದರೆ ಆಟದ ಹೊತ್ತಿನಲ್ಲಿ ಸದಾ ಮಿತಿಯಲ್ಲಿಯೇ ನಿಂತರೆ ಕೂಲರು ಸರಿಯಾಗಿ ಕೂತಿಲ್ಲವೆಂದೋ ಗಾಳಿಗೆ ದಾರಿಯಿಲ್ಲವೆಂದೋ ತಿಳಿಯಬೇಕು. ಮುಂಬದಿಯ ಫ್ಯಾನುಗಳು ಗಾಳಿಯನ್ನು ಒಳಗೆಳೆಯಬೇಕು, ಹಿಂಬದಿಯ ಮತ್ತು ಮೇಲ್ಬದಿಯ ಫ್ಯಾನುಗಳು ಹೊರಹಾಕಬೇಕು. ಕಲಬುರಗಿ, ರಾಯಚೂರು, ವಿಜಯಪುರಗಳಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುವುದು ವಾಡಿಕೆ. ಕೋಣೆಯ ಬಿಸಿ ಎಷ್ಟು ಏರುತ್ತದೋ ಯಂತ್ರದ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಆದುದರಿಂದ ಡಿಸೆಂಬರಿನಲ್ಲಿ ಅಣಿಗೊಳಿಸಿದ ಯಂತ್ರವನ್ನು ಏಪ್ರಿಲಿನಲ್ಲಿ ಮತ್ತೊಮ್ಮೆ ಅಳೆದು ನೋಡಬೇಕು. ಬಾಗಿಲು ಮುಚ್ಚುವ ಕಪಾಟಿನಲ್ಲಿ ಅದನ್ನು ಇಡಬಾರದು. ಗೋಡೆಯಿಂದ ಒಂದು ಗೇಣು ದೂರವಿರಲಿ. ತಿಂಗಳಿಗೊಮ್ಮೆ ಧೂಳಿನ ಜಾಲರಿಯನ್ನು ತೆಗೆದು ಕೊಡವುವುದನ್ನು ಮನೆಯ ಕಸ ಗುಡಿಸುವ ಕೆಲಸದಷ್ಟೇ ಸಹಜವಾಗಿ ರೂಢಿಸಿಕೊಳ್ಳಬೇಕು.

ಆಟದ ಒಳಗಿನ ಹದ

ಇನ್ನು ಆಟದ ಒಳಗಿನ ಆಯ್ಕೆಗಳು. ನೆರಳು, ಪ್ರತಿಬಿಂಬ, ರೇ ಟ್ರೇಸಿಂಗ್ ಇವು ಗ್ರಾಫಿಕ್ಸ್ ಕಾರ್ಡಿನ ಮೇಲೆ ಅತಿ ಹೆಚ್ಚು ಭಾರ ಹೇರುತ್ತವೆ. ಎಲ್ಲವನ್ನೂ ಅಲ್ಟ್ರಾದಲ್ಲಿ ಇಡುವುದು ಪ್ರತಿಷ್ಠೆಯ ಮಾತಾಗಬಾರದು. ಇವನ್ನು ಮಧ್ಯಮಕ್ಕೆ ಇಳಿಸಿದರೆ ಕಣ್ಣಿಗೆ ಕಾಣುವ ಕುಂದು ಅಲ್ಪ, ದೊರೆಯುವ ಸರಾಗ ಅಧಿಕ. ಎನ್ವಿಡಿಯಾದ ಡಿಎಲ್‌ಎಸ್‌ಎಸ್, ಎಎಂಡಿಯ ಎಫ್‌ಎಸ್‌ಆರ್ ಎಂಬ ತಂತ್ರಗಳು ಚಿತ್ರವನ್ನು ಚಿಕ್ಕದಾಗಿ ಬರೆದು ದೊಡ್ಡದಾಗಿ ಹಿಗ್ಗಿಸಿ ತೋರಿಸುತ್ತವೆ. ಬಲ ಕಡಿಮೆಯಿರುವ ಕಾರ್ಡಿಗೆ ಇವು ಊರುಗೋಲಿನಂತೆ.

ಆಟ ನಿಧಾನವಾದರೆ ದೋಷ ಯಾರದೆಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ರೆಸಲ್ಯೂಷನ್ನನ್ನು ಒಂದು ಮೆಟ್ಟಿಲು ಇಳಿಸಿ ನೋಡಬೇಕು. ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ ಥಟ್ಟನೆ ಏರಿದರೆ ಭಾರ ಗ್ರಾಫಿಕ್ಸ್ ಕಾರ್ಡಿನ ಮೇಲಿದೆ. ಏನೂ ಏರದಿದ್ದರೆ ತಡೆ ಪ್ರೊಸೆಸರಿನಲ್ಲಿಯೋ ಮೆಮೊರಿಯಲ್ಲಿಯೋ ಇದೆ. ಆಗ ಹೊಸ ಕಾರ್ಡು ತಂದರೆ ಹಣ ನೀರುಪಾಲು. ಈ ಒಂದು ಪರೀಕ್ಷೆಯನ್ನು ಮಾಡದೆ ಯಾವ ತಂದೆಯೂ ಹೊಸ ಕಾರ್ಡಿಗೆ ಹಣ ಕೊಡಬೇಕಿಲ್ಲ.

ಹದಗೊಳಿಸುವುದೆಂದರೆ ಸದಾ ಏರಿಸುವುದಲ್ಲ. ಮಾನಿಟರು 165 ಚಿತ್ರ ತೋರಬಲ್ಲುದಾದರೆ ಕಾರ್ಡು 300 ಚಿತ್ರ ಬರೆಯುತ್ತ ಬೆವರಬೇಕಾಗಿಲ್ಲ. ಡ್ರೈವರಿನಲ್ಲಿಯೇ ಮಾನಿಟರಿನ ದರಕ್ಕಿಂತ ತುಸು ಕೆಳಗೆ ಮಿತಿ ಹಾಕಬಹುದು. ಇದರ ಲಾಭ ಕರೆಂಟು ಬಿಲ್ಲಿನಲ್ಲಿಯೂ ಕಾಣುತ್ತದೆ. 400 ವ್ಯಾಟ್ ಎಳೆಯುವ ಯಂತ್ರ ದಿನಕ್ಕೆ 4 ಗಂಟೆ ನಡೆದರೆ ತಿಂಗಳಿಗೆ 48 ಯೂನಿಟ್. 250 ವ್ಯಾಟಿಗೆ ಇಳಿದರೆ 30 ಯೂನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ನಿಯಮದಂತೆ ಬಳಕೆ 200 ಯೂನಿಟ್ ಮೀರಿದ ತಿಂಗಳು ಪೂರ್ಣ ಬಿಲ್ಲನ್ನು ಕಟ್ಟಬೇಕು. ಆ ಗಡಿಯ ಸಮೀಪವಿರುವ ಮನೆಗೆ ಈ 18 ಯೂನಿಟ್ ಚಿಕ್ಕ ಮಾತಲ್ಲ.

ಮನೆಮಂದಿಯ ಪಾಲು

ಯಂತ್ರದ ಸಿದ್ಧತೆಯಲ್ಲಿ ಪಾಲಕರಿಗೂ ಕೆಲಸವಿದೆ. ವಿಂಡೋಸ್‌ನಲ್ಲಿ ಆಡಳಿತದ ಖಾತೆಯೊಂದು ಹಿರಿಯರ ಕೈಯಲ್ಲಿರಲಿ, ಶಾಲೆಗೆ ಹೋಗುವ ಮಕ್ಕಳಿಗೆ ಬೇರೆ ಖಾತೆಯಿರಲಿ. ಆಟಗಳನ್ನು ಮಾರುವ ತಾಣಗಳಲ್ಲಿ ಬ್ಯಾಂಕ್ ಕಾರ್ಡಿನ ವಿವರವನ್ನು ಉಳಿಸಿಡಬಾರದು. ಹಣವನ್ನು ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಆಟಕ್ಕೂ ಜೂಜಿಗೂ ಇರುವ ಭೇದವನ್ನು ಮಕ್ಕಳಿಗೆ ತಿಳಿಹೇಳಲು ಇದು ತಕ್ಕ ಸಂದರ್ಭ. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದಲ್ಲಿ ಸೇರಿಸಿದ್ದು, ಅದು 2022ರ ಜನವರಿಯಿಂದ ಜಾರಿಯಲ್ಲಿದೆ. ಆದುದರಿಂದ ಯಂತ್ರಕ್ಕೆ ಮಿತಿ ಹಾಕಿದಂತೆ ಹೊತ್ತಿಗೂ ಮಿತಿ ಬೇಕು. ಸಾಧ್ಯವಾದರೆ ಯಂತ್ರ ಎಲ್ಲರೂ ಓಡಾಡುವ ಕೋಣೆಯಲ್ಲಿರಲಿ.

ಇದೇ ಯಂತ್ರ ಕಟ್ಟಡದ ನಕ್ಷೆ ಬರೆಯಬಲ್ಲದು, ಮದುವೆಯ ವಿಡಿಯೋ ಸಂಕಲಿಸಬಲ್ಲದು, ಅಂಗಡಿಯ ಲೆಕ್ಕ ಇಡಬಲ್ಲದು, ಮನೆಯ ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ಕಾಪಾಡಬಲ್ಲದು. ಅದನ್ನು ಬಿಡಿಬಿಡಿಯಾಗಿ ಕೂಡಿಸಿ, ಅಳೆದು, ಹದಗೊಳಿಸಿದ ಹುಡುಗ ಅಥವಾ ಹುಡುಗಿ ಆ ಒಂದು ವಾರದಲ್ಲಿ ಕಲಿಯುವ ತಾಳ್ಮೆ ಸಾಮಾನ್ಯವಾದುದಲ್ಲ. ಕೈಯಿಂದ ಮಾಡಿ ಕಲಿತದ್ದಕ್ಕೆ ನಮ್ಮ ಶರಣ ಪರಂಪರೆಯಲ್ಲಿ ಇರುವ ಗೌರವ ದೊಡ್ಡದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮರಳಿ ಒಪ್ಪಿಸಿ ಬರುವಂತೆ ಲಕ್ಕಮ್ಮನವರು ಹೇಳಿದ ಪ್ರಸಂಗ ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದಿದೆ. ಇರುವುದು ಸಾಲುತ್ತದೆಯೇ ಎಂದು ಮೊದಲು ಅಳೆದು ನೋಡಿದ ಆ ತಾಯಿಯ ವಿವೇಕ ಇಂದಿನ ಗಣಕಯಂತ್ರಕ್ಕೂ ಸಲ್ಲುತ್ತದೆ.

ಹೊಸ ಕಾರ್ಡು ಬೇಕೆಂಬ ಬೇಡಿಕೆ ಮುಂದೆ ಬಂದಾಗ ಮಗನನ್ನಾಗಲಿ ಮಗಳನ್ನಾಗಲಿ ಗದರಿಸದೆ, ಆ ನೋಟುಪುಸ್ತಕವನ್ನು ತರಹೇಳಿ ಪಕ್ಕದಲ್ಲಿ ಕೂಡಿಸಿಕೊಳ್ಳಿ. ಮೆಮೊರಿ ಯಾವ ವೇಗದಲ್ಲಿದೆ, ಮಾನಿಟರು ಯಾವ ದರದಲ್ಲಿದೆ, ರೆಸಲ್ಯೂಷನ್ ಇಳಿಸಿದಾಗ ಏನಾಯಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಿ. ಮೂರಕ್ಕೂ ಬರೆದಿಟ್ಟ ಉತ್ತರವಿದ್ದು, ಆಮೇಲೂ ಕೊರತೆ ಉಳಿದಿದ್ದರೆ ಆ ಬೇಡಿಕೆ ನ್ಯಾಯವಾದುದು. ಅಲ್ಲಿಯವರೆಗೆ ಬಿಲ್ಲುಗಳನ್ನೂ ಖಾಲಿ ಪೆಟ್ಟಿಗೆಗಳನ್ನೂ ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿರಿ ಎಂಬುದು ನಮ್ಮ ಬಿನ್ನಹ. ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದು ಅವನ್ನೇ.